ರೆಕಾರ್ಡಿಂಗ್‌ನ ಗಿಟಾರ್ ನಾದ ನಿಮ್ಮ ಗಿಟಾರ್‌ನಲ್ಲೂ ಬರಬೇಕೆ? ಕ್ಯಾಪೋ ಎಲ್ಲಿ ಹಾಕಬೇಕೆಂದು ಕಂಡುಹಿಡಿಯುವ ಬಗೆ

ಕಾರ್ಡ್‌ಗಳು ಸರಿ, ತಾಳ ಸರಿ, ಶ್ರುತಿಯೂ ಸರಿ. ಆದರೂ ರೆಕಾರ್ಡಿಂಗ್‌ನಲ್ಲಿ ಕೇಳುವ ಗಿಟಾರ್‌ನ ಹತ್ತಿರಕ್ಕೂ ನಿಮ್ಮದು ಬರುತ್ತಿಲ್ಲ ಎಂದರೆ, ಮೊದಲು ಅನುಮಾನಿಸಬೇಕಾದದ್ದು ಕ್ಯಾಪೋ (ಗಿಟಾರ್‌ನ ಕತ್ತಿನ ಮೇಲೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಹಿಡಿಕೆ) ಇರುವ ಜಾಗವನ್ನು. ಬಿ ಫ್ಲ್ಯಾಟ್ ಕೀಯ (ಆಧಾರ ಶ್ರುತಿಯ) ಒಂದು ಹಾಡನ್ನು 1ನೇ ಫ್ರೆಟ್‌ಗೆ (ಕತ್ತಿನ ಅಡ್ಡ ಲೋಹಪಟ್ಟಿಗೆ) ಕ್ಯಾಪೋ ಹಾಕಿ ಎ ಶೇಪ್‌ನಲ್ಲಿ, ಅಂದರೆ ಎ ಕೀಯ ಕಾರ್ಡ್‌ಗಳ ಬೆರಳ ಹಿಡಿತದಲ್ಲಿ, ನುಡಿಸಬಹುದು. 3ನೇ ಫ್ರೆಟ್‌ಗೆ ಹಾಕಿ ಜಿ ಶೇಪ್‌ನಲ್ಲೂ, 6ಕ್ಕೆ ಹಾಕಿ ಇ ಶೇಪ್‌ನಲ್ಲೂ ನುಡಿಸಬಹುದು. ಮೂರರಲ್ಲೂ ಗಾಯಕನಿಗೆ ಸಿಗುವ ಶ್ರುತಿ ಒಂದೇ, ಕೇಳುವವನ ಕಿವಿಗೆ ಬೀಳುವ ನಾದ ಮೂರು ಬಗೆ. ಯಾವ ತಂತಿ ಓಪನ್ ಆಗಿ (ಬೆರಳು ಒತ್ತದೆ) ಮೊಳಗುತ್ತದೆ, ಮಂದ್ರದಲ್ಲಿ ಯಾವ ಸ್ವರ ಇದೆ, ತುದಿಯಲ್ಲಿ ಯಾವುದು ಮಿಂಚುತ್ತದೆ ಎನ್ನುವುದನ್ನೆಲ್ಲ ನಿರ್ಧರಿಸುವುದು ಶೇಪ್. ಹಾಗಾಗಿ ಕೀ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆ, ಅಷ್ಟೆ. ಇಂಟರ್ನೆಟ್‌ನ ಬಹಳಷ್ಟು ಕಾರ್ಡ್ ಚಾರ್ಟ್‌ಗಳು ಆ ಅರ್ಧಕ್ಕೇ ನಿಂತುಬಿಡುತ್ತವೆ.

ಈ ಲೇಖನದುದ್ದಕ್ಕೂ ತೆಳು ತಂತಿಯನ್ನು 1ನೆಯದು, ಅತಿ ದಪ್ಪ ತಂತಿಯನ್ನು 6ನೆಯದು ಎಂದು ಲೆಕ್ಕ ಹಿಡಿದಿದೆ.

ಮೊದಲು ಶ್ರುತಿ

ಕ್ಯಾಪೋವನ್ನು ಪಕ್ಕಕ್ಕಿಟ್ಟು ಆರೂ ತಂತಿಗಳನ್ನು ಟ್ಯೂನರ್ ಹಿಡಿದು ಸರಿಮಾಡಿ. ಆಮೇಲೆ ರೆಕಾರ್ಡಿಂಗ್ ಹಚ್ಚಿ, ಒಂದೇ ಸ್ವರ ಅಥವಾ ಕಾರ್ಡ್ ಉದ್ದಕ್ಕೆ ನಿಲ್ಲುವ ಜಾಗ ಹುಡುಕಿ. ಸಾಮಾನ್ಯವಾಗಿ ಹಾಡಿನ ಕೊನೆಯಲ್ಲಿ ಸಿಗುತ್ತದೆ. ಅಲ್ಲಿ ಫೋನಿನ ಟ್ಯೂನರ್ ಆ್ಯಪ್ ಏನು ತೋರಿಸುತ್ತದೆ ನೋಡಿ. ಮುಳ್ಳು ಸೊನ್ನೆಯ ಆಸುಪಾಸಿನಲ್ಲಿದ್ದರೆ ಮುಂದಕ್ಕೆ ಹೋಗಿ. ಎಲ್ಲ ಸ್ವರಗಳೂ ಒಂದೇ ಸಮನೆ 20 ಅಥವಾ 30 ಸೆಂಟ್ (ಒಂದು ಫ್ರೆಟ್‌ನ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ಕೆಳಗೋ ಮೇಲೋ ಇದ್ದರೆ ಆ ರೆಕಾರ್ಡಿಂಗೇ ಹಾಗಿದೆ ಎಂದರ್ಥ. ಟೇಪ್ ಕಾಲದ ಹಾಡುಗಳಲ್ಲಿ ಇದು ಮಾಮೂಲು. ಟೇಪ್ ಶೇಕಡ 6ರಷ್ಟು ವೇಗವಾಗಿ ಓಡಿದರೆ ಶ್ರುತಿ ಹೆಚ್ಚುಕಡಿಮೆ ಒಂದು ಪೂರ್ತಿ ಸೆಮಿಟೋನ್ (ಒಂದು ಫ್ರೆಟ್‌ನಷ್ಟು) ಏರುತ್ತದೆ, ಶೇಕಡ 1–2ರಷ್ಟು ವ್ಯತ್ಯಾಸವಾದರೆ ಎರಡು ಫ್ರೆಟ್‌ಗಳ ನಡುವೆ ಎಲ್ಲೋ ನಿಲ್ಲುತ್ತದೆ.

ಕ್ಯಾಪೋಗೆ ಗೊತ್ತಿರುವುದು ಫ್ರೆಟ್ ಲೆಕ್ಕ, ಅಂದರೆ 100 ಸೆಂಟ್‌ಗಳ ಮೆಟ್ಟಿಲು, ಮಾತ್ರ. ನಡುವಿನ 20 ಸೆಂಟನ್ನು ಟ್ಯೂನಿಂಗ್ ಕೀಲಿಗಳಿಂದಲೇ ಸರಿಪಡಿಸಬೇಕು. ಟ್ಯೂನರ್‌ನ ಆಧಾರ ಕಂಪನವನ್ನು 440 ಹರ್ಟ್ಸ್‌ನಿಂದ ಬದಲಿಸುವುದು ಸುಲಭದ ದಾರಿ: 435ಕ್ಕೆ ಇಳಿಸಿದರೆ ಎಲ್ಲ ತಂತಿಗಳೂ ಸುಮಾರು 20 ಸೆಂಟ್ ಕೆಳಗೆ, 445ಕ್ಕೆ ಏರಿಸಿದರೆ ಅಷ್ಟೇ ಮೇಲೆ. ಇದನ್ನು ಬಿಟ್ಟು ಕ್ಯಾಪೋ ಹುಡುಕಲು ಹೊರಟರೆ 2ನೇ ಫ್ರೆಟ್‌ನಲ್ಲೂ ಸರಿ ಅನ್ನಿಸುವುದಿಲ್ಲ, 3ರಲ್ಲೂ ಅನ್ನಿಸುವುದಿಲ್ಲ, ತಪ್ಪು ಎಲ್ಲಿದೆ ಎಂದೇ ತಿಳಿಯುವುದಿಲ್ಲ.

ಸ ಎಲ್ಲಿದೆ?

ಹಾಡು ಯಾವ ಸ್ವರಕ್ಕೆ ಬಂದು ವಿಶ್ರಾಂತಿ ಪಡೆಯುತ್ತದೋ ಅದೇ ಆಧಾರ ಷಡ್ಜ. ಪಲ್ಲವಿ ಮುಗಿಯುವ ಜಾಗದಲ್ಲಿ ನಿಲ್ಲಿಸಿ ಆ ಸ್ವರವನ್ನು ಗುನುಗಿ. ಮೊದಲ ಕಾರ್ಡನ್ನೇ ‘ಸ’ ಎಂದು ನಂಬಬೇಡಿ. ಬೇರೆ ಕಾರ್ಡಿನಿಂದ ಶುರುವಾಗುವ ಹಾಡುಗಳು ಬೇಕಾದಷ್ಟಿವೆ. ಗುನುಗುತ್ತಲೇ 6ನೇ ತಂತಿಯಲ್ಲಿ ಒಂದೊಂದೇ ಫ್ರೆಟ್ ಒತ್ತುತ್ತ ಹೋಗಿ, ನಿಮ್ಮ ದನಿಗೆ ಕೂಡುವ ಫ್ರೆಟ್ ಯಾವುದೆಂದು ಗುರುತು ಹಾಕಿಕೊಳ್ಳಿ. ಓಪನ್ ತಂತಿಯೇ ಕೂಡಿದರೆ ಸಂಖ್ಯೆ 0.

ಮೇಜರ್ ಹಾಡಿಗೂ ಅದರ ಜೋಡಿ ಮೈನರ್‌ಗೂ ಇಲ್ಲಿ ಗೊಂದಲವಾಗುವುದುಂಟು. ತಲೆಕೆಡಿಸಿಕೊಳ್ಳಬೇಕಿಲ್ಲ: ಜಿ ಮೇಜರ್ ಶೇಪ್‌ಗಳೂ ಇ ಮೈನರ್ ಶೇಪ್‌ಗಳೂ ಒಂದೇ ಮನೆಯವು. ಸಿ ಮತ್ತು ಎ ಮೈನರ್ ಕೂಡ ಹಾಗೆಯೇ. ಯಾವುದನ್ನು ಆಧಾರವೆಂದು ಹಿಡಿದರೂ ಕ್ಯಾಪೋ ಬಂದು ಕೂರುವುದು ಅದೇ ಫ್ರೆಟ್‌ಗೆ.

ಒಂದು ಸಂಖ್ಯೆಯಿಂದ ಐದು ಜಾಗ

6ನೇ ತಂತಿಯ ಮೇಲೆ ಸಿಕ್ಕ ಆ ಫ್ರೆಟ್ ಸಂಖ್ಯೆ ಇದ್ದರೆ ಸ್ವರಗಳ ಇಂಗ್ಲಿಷ್ ಹೆಸರು ಬಾಯಿಪಾಠ ಇಲ್ಲದಿದ್ದರೂ ಲೆಕ್ಕ ನಡೆಯುತ್ತದೆ:

- ಇ ಶೇಪ್‌ಗೆ ಕ್ಯಾಪೋ: ಅದೇ ಸಂಖ್ಯೆ
- ಡಿ ಶೇಪ್‌ಗೆ: 2 ಕೂಡಿಸಿ
- ಸಿ ಶೇಪ್‌ಗೆ: 4 ಕೂಡಿಸಿ
- ಜಿ ಶೇಪ್‌ಗೆ: 3 ಕಳೆಯಿರಿ
- ಎ ಶೇಪ್‌ಗೆ: 5 ಕಳೆಯಿರಿ

ಉತ್ತರ 12 ಅಥವಾ ಹೆಚ್ಚು ಬಂದರೆ 12 ಕಳೆಯಿರಿ, ಸೊನ್ನೆಗಿಂತ ಕಡಿಮೆಯಾದರೆ 12 ಕೂಡಿಸಿ. ಮೈನರ್ ಹಾಡಾದರೆ ಇ ಮೈನರ್, ಡಿ ಮೈನರ್, ಎ ಮೈನರ್ ಮೂರಕ್ಕೆ ಇದೇ ಲೆಕ್ಕ.

ಬಿ ಫ್ಲ್ಯಾಟ್‌ನ ‘ಸ’ 6ನೇ ಫ್ರೆಟ್‌ನಲ್ಲಿದೆ. ಇ ಶೇಪ್‌ಗೆ 6, ಡಿಗೆ 8, ಸಿಗೆ 10, ಜಿಗೆ 3, ಎಗೆ 1. ಬೀಟಲ್ಸ್ ತಂಡದ 1969ರ ‘ಹಿಯರ್ ಕಮ್ಸ್ ದಿ ಸನ್’ ಹಾಡನ್ನು ಇದೇ ಲೆಕ್ಕದಲ್ಲಿ ನೋಡಿ: ಹಾಡಿರುವುದು ಎ ಮೇಜರ್‌ನಲ್ಲಿ, ‘ಸ’ 5ನೇ ಫ್ರೆಟ್. ಡಿ ಶೇಪ್‌ಗೆ 2 ಕೂಡಿಸಿದರೆ 7. ಆ ಗಿಟಾರ್ ನುಡಿದಿರುವುದೂ 7ನೇ ಫ್ರೆಟ್‌ನ ಕ್ಯಾಪೋದಲ್ಲಿ, ಡಿ ಶೇಪ್‌ನಲ್ಲೇ. ಅದೇ ಹಾಡಿಗೆ ಕ್ಯಾಪೋ ಇಲ್ಲದೆ ಎ ಕಾರ್ಡ್ ಹಿಡಿದು ನೋಡಿ. ಶ್ರುತಿ ಸೇರುತ್ತದೆ, ಹಾಡು ಸೇರುವುದಿಲ್ಲ.

ಐದು ಉತ್ತರಗಳಲ್ಲಿ 9, 10, 11 ಬಂದವನ್ನು ಸದ್ಯಕ್ಕೆ ಬದಿಗಿಡಿ. ಅಷ್ಟು ಮೇಲೆ ಕ್ಯಾಪೋ ಹಾಕುವುದು ಅಪರೂಪ. ಉಳಿದ ಮೂರು ನಾಲ್ಕು ಜಾಗಗಳ ನಡುವೆ ತೀರ್ಮಾನ ಮಾಡಬೇಕು.

ಯಾವ ಶೇಪ್ ಎಂದು ಕಿವಿ ಹೇಳುವುದು

ಹೆಡ್‌ಫೋನ್ ಹಾಕಿಕೊಳ್ಳಿ. ಗಿಟಾರ್ ಒಂಟಿಯಾಗಿ ಬರುವ ಜಾಗ, ಹೆಚ್ಚಾಗಿ ಹಾಡಿನ ಪೀಠಿಕೆ, ಆರಿಸಿಕೊಳ್ಳಿ. ಗಿಟಾರನ್ನು ಎಡಕ್ಕೋ ಬಲಕ್ಕೋ ಸರಿಸಿ ಮಿಕ್ಸ್ ಮಾಡಿದ ಹಾಡುಗಳಲ್ಲಿ ಒಂದೇ ಕಿವಿಯಿಂದ ಕೇಳಿದರೆ ಅರ್ಧ ವಾದ್ಯಗಳು ಮಾಯವಾಗುತ್ತವೆ. ಶ್ರುತಿ ಕೆಡದಂತೆ ವೇಗ ತಗ್ಗಿಸುವ ಪ್ಲೇಯರ್‌ನಲ್ಲಿ ಅರ್ಧ ಅಥವಾ ಮುಕ್ಕಾಲು ವೇಗಕ್ಕೆ ಇಳಿಸಿ. ಈಗ ಮೂರು ಕಡೆ ಗಮನವಿಡಿ.

ಮೊದಲನೆಯದು ತುದಿ. ‘ಸ’ ಕಾರ್ಡ್ ಮೀಟಿದಾಗ ಎಲ್ಲಕ್ಕಿಂತ ಮೇಲೆ ಕೇಳುವ ಸ್ವರ ಯಾವುದು? ಜಿ ಮತ್ತು ಇ ಶೇಪ್‌ಗಳಲ್ಲಿ ಅದು ‘ಸ’. ಎ ಶೇಪ್‌ನಲ್ಲಿ ‘ಪ’. ಸಿ ಮತ್ತು ಡಿ ಶೇಪ್‌ಗಳಲ್ಲಿ ‘ಗ’. ಮೈನರ್‌ನಲ್ಲಿ ಇ ಮೈನರ್‌ನ ತುದಿ ‘ಸ’, ಎ ಮೈನರ್‌ನದು ‘ಪ’, ಡಿ ಮೈನರ್‌ನದು ಕೋಮಲ ಗಾಂಧಾರ. ಸರಿಗಮ ಕಲಿತವರಿಗೆ ಈ ಒಂದು ಪರೀಕ್ಷೆಯಲ್ಲೇ ಅರ್ಧಕ್ಕರ್ಧ ಶೇಪ್‌ಗಳು ಹೊರಬೀಳುತ್ತವೆ.

ಎರಡನೆಯದು ತಳ. ಕ್ಯಾಪೋ ಹಾಕಿದ ಮೇಲೆ ಗಿಟಾರ್ ಇಳಿಯಬಹುದಾದ ಕೊನೆಯ ಸ್ವರ 6ನೇ ತಂತಿಯ ಆ ಫ್ರೆಟ್. 1ರಲ್ಲಿ ಎಫ್, 2ರಲ್ಲಿ ಎಫ್ ಶಾರ್ಪ್, 3ರಲ್ಲಿ ಜಿ, 5ರಲ್ಲಿ ಎ, 7ರಲ್ಲಿ ಬಿ. ರೆಕಾರ್ಡಿಂಗ್‌ನ ಗಿಟಾರ್ ಒಂದೇ ಒಂದು ಸಲ ಅದಕ್ಕಿಂತ ಕೆಳಗಿನ ಸ್ವರ ನುಡಿದರೂ ಸಾಕು, ಕ್ಯಾಪೋ ಆ ಫ್ರೆಟ್‌ನಲ್ಲಿ ಇರಲಿಲ್ಲ. ಬೇಸ್ ಗಿಟಾರ್‌ನ ಸ್ವರವನ್ನು ಇದಕ್ಕೆ ಎಣಿಸಬಾರದು. ಅದರ ನಾಲ್ಕು ತಂತಿಗಳು ಗಿಟಾರ್‌ನ ದಪ್ಪ ನಾಲ್ಕಕ್ಕಿಂತ ಒಂದು ಸ್ಥಾಯಿ ಕೆಳಗಿವೆ.

ಬಿ ಫ್ಲ್ಯಾಟ್ ಹಾಡಿನಲ್ಲಿ ಎ ಶೇಪ್‌ನ 1ನೇ ಫ್ರೆಟ್ಟೋ ಜಿ ಶೇಪ್‌ನ 3ನೇ ಫ್ರೆಟ್ಟೋ ಎಂಬ ಅನುಮಾನ ಬಂದರೆ ಬಿ ಫ್ಲ್ಯಾಟ್ ಕಾರ್ಡನ್ನು ಕೇಳಿ ಪ್ರಯೋಜನ ಕಡಿಮೆ. ಎರಡು ಕಡೆಯೂ ಅದರ ಮಂದ್ರ ‘ಸ’ ಒಂದೇ ಎತ್ತರದಲ್ಲಿದೆ. ವ್ಯತ್ಯಾಸ ಬಯಲಾಗುವುದು ಎಫ್ ಕಾರ್ಡಿನಲ್ಲಿ, ಅಂದರೆ ‘ಪ’ ಕಾರ್ಡಿನಲ್ಲಿ. 1ನೇ ಫ್ರೆಟ್‌ನಲ್ಲಿ ಅದು ಇ ಶೇಪ್ ಆಗುತ್ತದೆ: 6ನೇ ತಂತಿ ಓಪನ್, ಆಳವಾದ ಗುಂಗು. 3ನೇ ಫ್ರೆಟ್‌ನಲ್ಲಿ ಅದೇ ಕಾರ್ಡ್ ಡಿ ಶೇಪ್: ತಳದ ಸ್ವರ 4ನೇ ತಂತಿಯದು, ಪೂರಾ ಒಂದು ಸ್ಥಾಯಿ ಮೇಲೆ, ತೆಳ್ಳಗೆ. ಹಾಡು ‘ಪ’ ಕಾರ್ಡಿಗೆ ಬಂದಾಗ ಗಿಟಾರ್ ಕೆಳಗೆ ಕುಸಿದಂತೆ ಕೇಳುತ್ತದೋ, ಮೇಲಕ್ಕೆ ಹಗುರವಾದಂತೆ ಕೇಳುತ್ತದೋ? ಯಾವ ಕೀ ಆದರೂ ಎ ಮತ್ತು ಜಿ ಶೇಪ್‌ಗಳ ನಡುವೆ ಆರಿಸಲು ಇಷ್ಟು ಸಾಕು.

ಮೂರನೆಯದು ಅಲಂಕಾರ. ಒಂದೊಂದು ಶೇಪ್‌ನಲ್ಲೂ ಬಿಡುವಾಗಿರುವ ಬೆರಳು ಒಂದು ಗೊತ್ತಾದ ತಂತಿಯಲ್ಲಿ ಆಟವಾಡುತ್ತದೆ. ಡಿ ಶೇಪ್‌ನಲ್ಲಿ ಆ ಆಟ 1ನೇ ತಂತಿಯಲ್ಲಿ, ಎಲ್ಲಕ್ಕಿಂತ ಮೇಲೆ: ಗ–ಮ–ಗ–ರಿ. ಎ ಶೇಪ್‌ನಲ್ಲಿಯೂ ಅದೇ ಗ–ಮ–ಗ–ರಿ ಬರುತ್ತದೆ, ಆದರೆ 2ನೇ ತಂತಿಯಲ್ಲಿ, ಮೇಲೆ ‘ಪ’ ಮೊಳಗುತ್ತಿರುವಾಗ ಅದರ ಕೆಳಗಿಂದ. ಸಿ ಶೇಪ್‌ನಲ್ಲಿ 4ನೇ ತಂತಿಯ ‘ರಿ’ಯಿಂದ ‘ಗ’ಕ್ಕೆ ಹ್ಯಾಮರ್ (ಮತ್ತೆ ಮೀಟದೆ ಎಡಗೈ ಬೆರಳನ್ನು ತಂತಿಗೆ ಬಡಿದು ಸ್ವರ ಎಬ್ಬಿಸುವುದು), ಕಾರ್ಡಿನ ಒಡಲೊಳಗೆ. ಜಿ ಶೇಪ್‌ನಲ್ಲಿ ಅದೇ ರಿ–ಗ ಹ್ಯಾಮರ್ 5ನೇ ತಂತಿಯಲ್ಲಿ, ಮಂದ್ರದಲ್ಲಿ. ಇ ಶೇಪ್‌ನಲ್ಲಿ 3ನೇ ತಂತಿಯ ಕೋಮಲ ಗಾಂಧಾರದಿಂದ ಶುದ್ಧ ಗಾಂಧಾರಕ್ಕೆ ಜಿಗಿತ. ಬ್ಲೂಸ್ ಬಗೆಯ ಹಾಡುಗಳಲ್ಲಿ ಇದು ಕಿವಿಗೆ ಹೊಡೆದಂತೆ ಕೇಳುತ್ತದೆ. ಅಲಂಕಾರ ಸ್ಪಷ್ಟವಾಗಿದ್ದರೆ ಉಳಿದೆರಡು ಪರೀಕ್ಷೆಗಳಿಗಿಂತ ಇದನ್ನೇ ಹೆಚ್ಚು ನಂಬಿ. ಬ್ಯಾರೆ (ಒಂದೇ ಬೆರಳನ್ನು ತಂತಿಗಳಿಗೆ ಅಡ್ಡ ಒತ್ತುವುದು) ಹಿಡಿದು ಅಂಥದ್ದನ್ನು ಸರಾಗವಾಗಿ ನುಡಿಸುವುದು ಯಾರಿಗೂ ಸುಲಭವಲ್ಲ.

ಕ್ಯಾಪೋ ಹಾಕುವ ಕ್ರಮ

1. ರಬ್ಬರ್ ಪಟ್ಟಿ ಫ್ರೆಟ್‌ನ ಲೋಹಕ್ಕೆ ತೀರಾ ಹತ್ತಿರ, ಅದರ ಹಿಂದೆ, ಅಂದರೆ ನಟ್ (ಗಿಟಾರ್‌ನ ತಲೆಯ ಬಳಿ ತಂತಿಗಳು ಕೂರುವ ಪಟ್ಟಿ) ಇರುವ ಬದಿಗೆ ಬರಲಿ. ನಡುವೆ 1–2 ಮಿಲಿಮೀಟರ್ ಇದ್ದರೆ ಸಾಕು. ಲೋಹದ ಮೇಲೇ ಹತ್ತಿದರೆ ತಂತಿಗಳು ಮಂಕಾಗುತ್ತವೆ. ಎರಡು ಫ್ರೆಟ್‌ಗಳ ನಡುಮಧ್ಯಕ್ಕೆ ಹಾಕಿದರೆ ತಂತಿ ಹೆಚ್ಚು ಬಾಗಿ ಶ್ರುತಿ ಏರುತ್ತದೆ.

2. ಪಟ್ಟಿ ಫ್ರೆಟ್‌ಗೆ ಸಮಾನಾಂತರವಾಗಿರಲಿ. ಓರೆಯಾದರೆ ಒಂದು ಬದಿಯ ತಂತಿಗಳು ಝೇಂಕರಿಸುತ್ತವೆ.

3. ಬಿಗಿಯುವಾಗ ತಂತಿಗಳು ಪಕ್ಕಕ್ಕೆ ಸರಿಯದಂತೆ ನೋಡಿಕೊಳ್ಳಿ. ನೇರ ಮೇಲಿನಿಂದ ಇಳಿಸಿ, ಆಮೇಲೆ ಒತ್ತಡ ಕೊಡಿ. ಹಾಕಿದ ಮೇಲೆ ಎಳೆದು ಸರಿಸಬೇಡಿ. ಜಾಗ ಬದಲಿಸಬೇಕಿದ್ದರೆ ತೆಗೆದು ಮತ್ತೆ ಹಾಕಿ.

4. ತಿರುಪಿನ ಕ್ಯಾಪೋ ಆದರೆ ಸಡಿಲವಾಗಿ ಶುರುಮಾಡಿ. ಒಂದೊಂದೇ ತಂತಿ ಮೀಟುತ್ತ, ಝೇಂಕಾರ ನಿಂತ ಕ್ಷಣಕ್ಕೆ ಬಿಗಿಯುವುದನ್ನು ನಿಲ್ಲಿಸಿ, ಕಾಲು ಸುತ್ತು ಮಾತ್ರ ಹೆಚ್ಚಿಗೆ ಕೊಡಿ.

5. ಸೌಂಡ್‌ಹೋಲ್ ಮೇಲೆ ಪ್ರತಿ ತಂತಿಯನ್ನೂ ಬೆರಳಲ್ಲಿ ಹಗುರವಾಗಿ ಒಮ್ಮೆ ಎತ್ತಿ ಬಿಡಿ. ರಬ್ಬರ್ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಬಿಗಿತ ಎರಡೂ ಬದಿಗೆ ಸಮನಾಗುತ್ತದೆ. ಈ ಹೆಜ್ಜೆಯನ್ನು ಬಹಳ ಮಂದಿ ಬಿಡುತ್ತಾರೆ. ಬಿಟ್ಟರೆ ನಾಲ್ಕು ಸಲ ಜೋರಾಗಿ ಮೀಟುವಷ್ಟರಲ್ಲಿ ಶ್ರುತಿ ಜಾರುತ್ತದೆ.

6. ಟ್ಯೂನರ್‌ನಲ್ಲಿ ಆರನ್ನೂ ಮತ್ತೆ ನೋಡಿ.

ಕೊನೆಯ ಹೆಜ್ಜೆ ಅತಿಯಾಯಿತು ಅನ್ನಿಸಬಹುದು. 1ನೇ ತಂತಿ ಓಪನ್ ಆಗಿ ನುಡಿಯುವುದು ಸುಮಾರು 330 ಹರ್ಟ್ಸ್‌ನಲ್ಲಿ. ಅಲ್ಲಿ 10 ಸೆಂಟ್ ತಪ್ಪೆಂದರೆ ಸುಮಾರು 2 ಹರ್ಟ್ಸ್. ರೆಕಾರ್ಡಿಂಗ್ ಜೊತೆ ನುಡಿಸಿದಾಗ ಸೆಕೆಂಡಿಗೆ ಎರಡು ಅಲೆ ಎದ್ದು ಕೇಳುತ್ತದೆ. ಒಂಟಿಯಾಗಿ ನುಡಿಸುವಾಗ ಗಮನಕ್ಕೇ ಬಾರದ ತಪ್ಪು ಇಲ್ಲಿ ಅಡಗಿ ಕೂರುವುದಿಲ್ಲ.

ತಪ್ಪುವುದು ಎಲ್ಲಿ, ಏಕೆ

ಎಲ್ಲ ತಂತಿಗಳೂ ಏರಿದ್ದರೆ ಒತ್ತಡ ಜಾಸ್ತಿಯಾಗಿದೆ, ಇಲ್ಲವೇ ಕ್ಯಾಪೋ ಫ್ರೆಟ್‌ನಿಂದ ದೂರ ಕೂತಿದೆ. ಹೆಚ್ಚಿನ ಸ್ಪ್ರಿಂಗ್ ಕ್ಯಾಪೋಗಳಲ್ಲಿ ಒತ್ತಡ ತಗ್ಗಿಸುವ ಅವಕಾಶ ಇಲ್ಲದಿರುವುದರಿಂದ ಈ ತೊಂದರೆ ಅವುಗಳಲ್ಲಿ ಹೆಚ್ಚು. ವೇದಿಕೆಯ ಮೇಲೆ ಒಂದು ಕೈಯಲ್ಲಿ ತೆಗೆದು ಹಾಕಲು ಅವೇ ಅನುಕೂಲ, ನಿಜ. ಆದರೆ ರೆಕಾರ್ಡಿಂಗ್‌ಗೆ ಕರಾರುವಾಕ್ಕಾಗಿ ಕೂಡಿಸುವ ಕೆಲಸಕ್ಕೆ ತಿರುಪಿನದ್ದು ಮೇಲು. ಸಪೂರ ತಂತಿಗಳ ಸೆಟ್ ಹಾಕಿದ ಗಿಟಾರ್‌ನಲ್ಲಿ ಏರಿಕೆ ಇನ್ನೂ ಜಾಸ್ತಿ: ಬಿಗಿತ ಕಡಿಮೆ ಇರುವ ತಂತಿಗೆ ಅಷ್ಟೇ ಒತ್ತಡ ದೊಡ್ಡ ಬದಲಾವಣೆಯಾಗುತ್ತದೆ.

ಒಂದೇ ತಂತಿ ಏರಿದ್ದರೆ ಅದು ಪಕ್ಕಕ್ಕೆ ಎಳೆದುಕೊಂಡಿದೆ. ಕ್ಯಾಪೋ ತೆಗೆದು ಮತ್ತೆ ಹಾಕಿ. ಕೀಲಿ ತಿರುಗಿಸುವುದು ಅದಾದ ಮೇಲಿನ ಮಾತು. ಕ್ಯಾಪೋ ಇರುವಾಗ ಕೀಲಿ ತಿರುಗಿಸಿದರೆ ತಂತಿ ರಬ್ಬರ್‌ನಲ್ಲಿ ಸಿಕ್ಕಿಕೊಂಡಿದ್ದು ಒಮ್ಮೆಲೇ ಜಾರುತ್ತದೆ. ಗುರಿಗಿಂತ ಸ್ವಲ್ಪ ಕೆಳಗಿಳಿಸಿ, ತಂತಿ ಎತ್ತಿ ಬಿಟ್ಟು, ಮೆಲ್ಲನೆ ಮೇಲಕ್ಕೆ ತನ್ನಿ.

ನಡುವಿನ 3, 4ನೇ ತಂತಿಗಳು ಮಾತ್ರ ಝೇಂಕರಿಸುತ್ತಿದ್ದರೆ ಬಾಗಿದ ಪಟ್ಟಿಯ ಕ್ಯಾಪೋವನ್ನು ಕ್ಲಾಸಿಕಲ್ ಗಿಟಾರ್‌ನ ಚಪ್ಪಟೆ ಫ್ರೆಟ್‌ಬೋರ್ಡ್‌ಗೆ ಹಾಕಿರಬೇಕು. 1 ಮತ್ತು 6 ಝೇಂಕರಿಸಿದರೆ ಇದರ ತಿರುಗುಮುರುಗು: ಚಪ್ಪಟೆ ಪಟ್ಟಿ, ಉಬ್ಬಿದ ಬೋರ್ಡ್. ಬಿಗಿದು ಇದನ್ನು ಗೆಲ್ಲಲಾಗದು, ಕ್ಯಾಪೋವನ್ನೇ ಬದಲಿಸಬೇಕು. 12 ತಂತಿಯ ಗಿಟಾರ್‌ನಲ್ಲಿ ಜೋಡಿಯ ಸಪೂರ ತಂತಿ ದಪ್ಪ ತಂತಿಯ ಪಕ್ಕದಲ್ಲಿ ತಪ್ಪಿಸಿಕೊಳ್ಳುವುದರಿಂದ ಅದಕ್ಕೆಂದೇ ಮಾಡಿದ ಕ್ಯಾಪೋ ಬೇಕು.

ಬಲಗೈಯನ್ನೂ ಸರಿಸಿ

ಶೇಪ್ ಸರಿಯಾದರೂ ನಾದ ದುಂಡಗೆ, ಮೆತ್ತಗೆ ಕೇಳುವುದುಂಟು. ಕಾರಣ ಮೀಟುವ ಜಾಗ. 648 ಮಿಲಿಮೀಟರ್ ತಂತಿಯನ್ನು ಬ್ರಿಡ್ಜ್‌ನಿಂದ (ಗಿಟಾರ್‌ನ ಒಡಲ ಮೇಲೆ ತಂತಿಗಳು ಕೊನೆಯಾಗುವ ಪಟ್ಟಿಯಿಂದ) 162 ಮಿಲಿಮೀಟರ್ ದೂರದಲ್ಲಿ ಮೀಟಿದರೆ ಅದು ತಂತಿಯ ಕಾಲು ಭಾಗ. 5ನೇ ಫ್ರೆಟ್‌ಗೆ ಕ್ಯಾಪೋ ಬಿದ್ದ ಮೇಲೆ ಉಳಿಯುವ ಉದ್ದ ಸುಮಾರು 486, ಅದರ ಕಾಲು ಭಾಗ 121. ಕೈಯನ್ನು ಹಳೇ ಜಾಗದಲ್ಲೇ ಇಟ್ಟರೆ ತಂತಿಯ ಮೂರನೇ ಒಂದು ಭಾಗದಲ್ಲಿ ಮೀಟಿದಂತಾಗುತ್ತದೆ. ಕೈಯನ್ನು ಬ್ರಿಡ್ಜ್ ಕಡೆಗೆ 4 ಸೆಂಟಿಮೀಟರ್ ಸರಿಸಿದರೆ ಹೊಳಪು ಮರಳುತ್ತದೆ.

ಎಡಗೈಗೂ ಜಾಗ ಕಿರಿದಾಗುತ್ತದೆ. ಕ್ಯಾಪೋ ಇಲ್ಲದಾಗ ಮೊದಲ ಫ್ರೆಟ್‌ನ ಅಗಲ ಸುಮಾರು 36 ಮಿಲಿಮೀಟರ್, 7ನೇ ಫ್ರೆಟ್‌ಗೆ ಕ್ಯಾಪೋ ಹಾಕಿದರೆ ಅದರ ಮುಂದಿನದು 24. ಎ ಕಾರ್ಡಿಗೆ ಮೂರು ಬೆರಳು ಸಾಲಾಗಿ ಹಿಡಿಸದಿದ್ದರೆ ಒಂದೇ ಬೆರಳನ್ನು ಅಡ್ಡ ಹಾಕಿ.

ಐದೂ ಶೇಪ್ ಹೊಂದದಿದ್ದರೆ

ಎರಡು ಗಿಟಾರ್‌ಗಳಿರಬಹುದು. ಡಿ ಕೀಯ ಹಾಡಿನಲ್ಲಿ ಒಬ್ಬರು ಕ್ಯಾಪೋ ಇಲ್ಲದೆ ಡಿ ಶೇಪ್, ಇನ್ನೊಬ್ಬರು 7ನೇ ಫ್ರೆಟ್‌ನಲ್ಲಿ ಜಿ ಶೇಪ್ ಹಿಡಿದರೆ ಒಂದು ದೊಡ್ಡ ಗಿಟಾರ್‌ನಂತೆ ಕೇಳುತ್ತದೆ. ಒಬ್ಬರೇ ಎರಡು ಸಲ ನುಡಿಸಿ ಕೂಡಿಸುವುದೂ ಸ್ಟುಡಿಯೋಗಳಲ್ಲಿ ಹಳೆಯ ಪದ್ಧತಿ. ಎರಡು ಕಿವಿಗಳಲ್ಲಿ ಬೇರೆ ಬೇರೆ ಕೇಳಿ ಬೇರ್ಪಡಿಸಿ, ಪೀಠಿಕೆಯಲ್ಲಿ ಒಂಟಿಯಾಗಿ ಬರುವುದನ್ನು ಹಿಡಿಯಿರಿ.

ಓಪನ್ 6ನೇ ತಂತಿಗಿಂತ, ಅಂದರೆ ಇ ಗಿಂತ, ಕೆಳಗಿನ ಸ್ವರ ಕೇಳಿದರೆ ಗಿಟಾರನ್ನೇ ಇಳಿಸಿ ಟ್ಯೂನ್ ಮಾಡಿದ್ದಾರೆ. ಕ್ಯಾಪೋ ಏರಿಸಬಲ್ಲದು, ಇಳಿಸಲಾರದು. ಎಲ್ಲ ತಂತಿಗಳನ್ನೂ ಒಂದು ಸೆಮಿಟೋನ್ ಇಳಿಸಿ, ಸಿಕ್ಕ ಕ್ಯಾಪೋ ಸಂಖ್ಯೆಗೆ 1 ಕೂಡಿಸಿ ನೋಡಿ. 6ನೆಯದನ್ನು ಮಾತ್ರ ಡಿಗೆ ಇಳಿಸಿ ಕ್ಯಾಪೋ ಹಾಕಿದ್ದರೆ ತಳದ ಪರೀಕ್ಷೆ ಎರಡು ಫ್ರೆಟ್ ತಪ್ಪು ಹೇಳುತ್ತದೆ. ಡಿ ಶೇಪ್‌ನ ತುದಿ, ಆದರೆ ತಳದಲ್ಲಿ ಅದರದೇ ‘ಸ’ ಎರಡು ಸ್ಥಾಯಿ ಅಂತರದಲ್ಲಿ ಗುಂಯ್ಗುಡುತ್ತಿದ್ದರೆ ಅದರ ಗುರುತು ಸಿಕ್ಕಿತು.

ಚಾರ್ಟ್ ನೋಡುವುದಾದರೆ ಅದು ಶೇಪ್ ಹೆಸರು ಬರೆದಿದೆಯೋ ಕೇಳುವ ಕಾರ್ಡಿನ ಹೆಸರು ಬರೆದಿದೆಯೋ ಎಂದು ಮೊದಲು ತೀರ್ಮಾನಿಸಿ. ‘ಕ್ಯಾಪೋ 3’ ಎಂದು ಮೇಲಿದ್ದು ಕೆಳಗೆ ಜಿ, ಸಿ, ಡಿ ಇದ್ದರೆ ಶೇಪ್‌ಗಳು. ಅದೇ ಚಾರ್ಟಿನಲ್ಲಿ ಬಿ ಫ್ಲ್ಯಾಟ್, ಇ ಫ್ಲ್ಯಾಟ್, ಎಫ್ ಎಂದಿದ್ದರೆ ಕೇಳುವ ಹೆಸರುಗಳು. ಕ್ಯಾಪೋ ಹಾಕಿಕೊಂಡು ಅವನ್ನೇ ಹಿಡಿದರೆ ಮೂರು ಸೆಮಿಟೋನ್ ಮೇಲೆ ಹೋಗಿಬಿಡುತ್ತೀರಿ. ನೀವೇ ಕಂಡುಹಿಡಿದದ್ದನ್ನು ಬರೆದಿಡುವಾಗ ಮೂರೂ ಇರಲಿ: ಫ್ರೆಟ್, ಶೇಪ್, ಟ್ಯೂನರ್‌ನ ಹರ್ಟ್ಸ್.